ಮಿಂಚು ಹಿಡಿದ ಚರಟ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ ದ್ರಾಕ್ಷಾವತಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಮನೆಮನೆಯಲ್ಲೂ ದ್ರಾಕ್ಷಿರಸ ತೆಗೆಯುತ್ತಿದ್ದರು. ಹಿಂಡಿ ಉಳಿದ ಸಿಪ್ಪೆ, ಬೀಜದ ಚರಟವನ್ನು ಮಂಚಯ್ಯನೆಂಬ ವ್ಯಾಪಾರಿ ಕೊಂಡು ದನದ ಮೇವಿಗೆ ಮಾರುತ್ತಿದ್ದ. ಮೂಟೆ ಬಿಚ್ಚಿ ಕೈಹಾಕಿ ನೋಡದೆ ಯಾವುದನ್ನೂ ನಂಬುವ ಆಸಾಮಿಯಲ್ಲ.

ಒಂದು ದಿನ ಕಾಳದಂಷ್ಟ್ರನೆಂಬ ಮಾಂತ್ರಿಕ ಸೂರ್ಯನನ್ನು ಗವಿಯಲ್ಲಿ ಕೂಡಿಹಾಕಿದ. ಬೆಂಕಿಗೆ ಬಿಸಿ ಉಳಿಯಿತು, ಬೆಳಕು ಉಳಿಯಲಿಲ್ಲ. ಆ ಕತ್ತಲಲ್ಲಿ ಮಕ್ಕಳ ಮೈ ಪಾದದಿಂದ ಮೇಲಕ್ಕೆ ಕಲ್ಲಾಗತೊಡಗಿತು. ಮಾಂತ್ರಿಕ ಸಾಕಿದ ಗುಡುಗಿನ ಗೂಳಿಯೊಂದು ದಿನಕ್ಕೊಮ್ಮೆ ಬಯಲಲ್ಲಿ ಕೊಂಬು ಝಾಡಿಸಿದಾಗ ಒಂದು ಮಿಂಚು ಬೀಳುತ್ತಿತ್ತು, ಇದ್ದ ಬೆಳಕು ಅಷ್ಟೇ.

"ಆ ಮಿಂಚನ್ನು ಒಂದು ಜಾವ ಹಿಡಿದಿಡಿ, ನನ್ನ ಮಾಯೆ ಮುರಿಯುತ್ತೆ," ಎಂದು ನಕ್ಕ ಮಾಂತ್ರಿಕ.

ರಾಜ ಚಿನ್ನದ ಕೊಡ ಒಡ್ಡಿದ. ಮಿಂಚು ಕೊಡದಿಂದ ನೆಲಕ್ಕಿಳಿದು ಹೋಯಿತು.

ಮಂಚಯ್ಯನ ಮಗಳು ಕೆಂಪಿ ಮೊಣಕಾಲವರೆಗೆ ಕಲ್ಲಾಗಿದ್ದಳು. ಕುಂಬಾರರ ಸಣ್ಣಜ್ಜಿ ಬಂದು ಹೇಳಿದಳು: "ಚರಟ ಸುಟ್ಟು ಇದ್ದಿಲು ಮಾಡಪ್ಪ. ಅದರೊಳಗೆ ಕಾಣದಷ್ಟು ಸಣ್ಣ ಗೂಡು ಲಕ್ಷ ಇರ್ತವೆ. ಮಿಂಚು ಅಲ್ಲಿ ಕೂತ್ಕೊಳ್ಳುತ್ತೆ."

ಮೊದಲ ದಿನ ಮಂಚಯ್ಯ ಬಯಲಲ್ಲೇ ಸುಟ್ಟ. ಬೂದಿಯಾಯಿತು. ಕೆಂಪಿಯ ಮೈಯಲ್ಲಿ ಕಲ್ಲು ಸೊಂಟಕ್ಕೇರಿತು.

"ಗಾಳಿ ಆಡಿದ್ರೆ ಇದ್ದಿಲೆಲ್ಲಿಂದ ಬರಬೇಕು? ಮಡಕೆಗೆ ತುಂಬಿ ಬಾಯಿಗೆ ಜೇಡಿಮಣ್ಣು ಮೆತ್ತಿ ಬೆಂಕಿಗಿಡು. ತಣ್ಣಗಾಗೋವರೆಗೂ ಮುಟ್ಟಬೇಡ," ಅಂದಳು ಅಜ್ಜಿ.

ಎರಡನೆಯ ದಿನ ಹಾಗೇ ಮಾಡಿದ. ಆದರೆ ಮಡಕೆ ಸುಡುತ್ತಿದ್ದಾಗಲೇ, ಮಾಲು ಹೇಗಿದೆಯೋ ನೋಡೋಣವೆಂದು ಮಣ್ಣು ಕೆರೆದ. ಗಾಳಿ ನುಗ್ಗಿತು. ಆಗಿದ್ದ ಇದ್ದಿಲೆಲ್ಲ ಹೊತ್ತಿ ಬೂದಿ. ಕಲ್ಲು ಎದೆಗೇರಿತು.

"ಮೂಟೆ ಬಿಚ್ಚೋ ಚಾಳಿ ಬಿಡಲ್ವಲ್ಲೋ! ಹಸೀ ಗೋಡೆ ಕಂಡ್ರೂ ಒತ್ತಿ ನೋಡೋನು ನೀನು," ಎಂದು ಬೈದು ಅಜ್ಜಿ ಕೊನೆಯ ಮಡಕೆ ಕೊಟ್ಟಳು.

ಮೂರನೆಯ ದಿನ ಮಡಕೆ ಬೆಂಕಿಗಿಟ್ಟಾಗ ಕಲ್ಲು ಕೆಂಪಿಯ ಕುತ್ತಿಗೆಯಲ್ಲಿತ್ತು.

"ಅಪ್ಪಾ, ಆಯ್ತಾ?"

"ಗೊತ್ತಿಲ್ಲ ಮಗಾ."

"ಒಂಚೂರು ನೋಡಬಾರದಾ?"

"ನೋಡಬಾರದು."

ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತ. ಕಲ್ಲು ಬಾಯಿಗೇರಿ ಅವಳ ಮಾತು ನಿಂತಿತು. ಅವನು ಏಳಲಿಲ್ಲ.

ಮಡಕೆ ತಣ್ಣಗಾದ ಮೇಲೆ ಒಡೆದ. ಕೈಗೆ ಹಗುರ, ತಟ್ಟಿದರೆ ಕಿಣಿಕಿಣಿ ಎನ್ನುವ ಇದ್ದಿಲು. ಬಯಲಿಗೆ ಒಯ್ದು ಸುರಿದ. ಗೂಳಿ ಕೊಂಬು ಝಾಡಿಸಿತು. ಮಿಂಚು ಇದ್ದಿಲಿಗೆ ಬಿತ್ತು, ಗೂಡುಗೂಡಿಗೆ ಹಂಚಿಕೊಂಡು ಅಲ್ಲೇ ಕೂತಿತು. ಮಾಂತ್ರಿಕ ಓಡಿಬಂದು ಊದಿದ, ತುಳಿದ, ನೀರು ಹೊಯ್ದ. ಅದು ಅಲುಗಲಿಲ್ಲ. ಜಾವ ಮುಗಿಯುತ್ತಲೇ ಅವನು ಹೊಗೆಯಾಗಿ ಹೋದ. ಸೂರ್ಯ ಗವಿಯಿಂದ ಹೊರಬಂದ.

ಮಂಚಯ್ಯ ಮನೆಗೆ ಓಡಿದ. ಕೆಂಪಿ ಬಾಗಿಲು ಹಿಡಿದು ನಿಂತಿದ್ದಳು.

"ಅಪ್ಪಾ, ಕಾಲು ಜುಮ್ ಅಂತಿದೆ."

ಅವನು ಅವಳ ಪಾದಗಳನ್ನು ಬಹಳ ಹೊತ್ತು ತಿಕ್ಕಿದ. ಆ ರಾಜ್ಯದವರು ಆಮೇಲೆ ಬೆಳಕಿಗೆ ಕೊರತೆ ಕಾಣದೆ, ಮಕ್ಕಳುಮರಿಗಳೊಂದಿಗೆ ಸುಖವಾಗಿ ಬಾಳಿದರು.