ಸೋಂಕಿಲಿ

ಹಾಡು ಮುಗಿಯುತ್ತಿದ್ದಂತೆ ಪ್ರಭಾವಮಾಪಕದ ಹಸಿರು ದೀಪ ಹೊತ್ತಿಕೊಂಡಿತು. ಪೋಡಿನ, ಅಂದರೆ ಕಾಡಿನೊಳಗಿನ ಆ ಹಾಡಿಯ, ಜನ ಬಿಗಿಹಿಡಿದಿದ್ದ ಉಸಿರು ಬಿಟ್ಟರು.

ಮಾತು, ಹಾಡು, ಕುಣಿತಗಳನ್ನು ಗಮನಿಸಿ ಅವುಗಳಲ್ಲಿ ಪಾಶ್ಚಾತ್ಯ ಛಾಯೆ ಎಷ್ಟಿದೆಯೆಂದು ಹೇಳುವ ಯಂತ್ರವದು. ಛಾಯೆ ಕಾಣದ ಬುಡಕಟ್ಟುಗಳನ್ನು ಕಾಡಿನಿಂದ ಎಬ್ಬಿಸುವಂತಿಲ್ಲ ಎಂದು ಹೊಸ ಕಾಯಿದೆ ಬಂದಿತ್ತು. ಅಂಥ ಸಂಸ್ಕೃತಿಗೊಂದು ಹೆಸರು ಬೇಕಾದಾಗ, ಯಂತ್ರವನ್ನು ರೂಪಿಸಿದ ಡಾ. ಮಂದಾಕಿನಿಯೇ ಪದ ಕಟ್ಟಿದ್ದಳು. ಹಳಗನ್ನಡದಲ್ಲಿ ಸೋಂಕು ಎಂದರೆ ಸ್ಪರ್ಶ. ನಾಣು, ಅಂದರೆ ನಾಚಿಕೆ, ಇಲ್ಲದವನು ನಾಣಿಲಿಯಾದಂತೆ, ಹೊರಗಿನ ಸ್ಪರ್ಶವಿಲ್ಲದ್ದು ‘ಸೋಂಕಿಲಿ’. ಭಾಷಾತಜ್ಞರು ಮೆಚ್ಚಿದ್ದರು. ಇಂಥ ಪ್ರತಿ ಪೋಡಿನ ಮುಂದೆಯೂ ಈಗ ಆ ಹೆಸರಿನ ಫಲಕವಿತ್ತು.

“ಹೋದ ಸಲ ಹಾಡು ಎತ್ತಿಕೊಟ್ಟಳಲ್ಲ, ನಿಮ್ಮ ಮಗಳು ಬೊಮ್ಮಿ, ಅವಳೆಲ್ಲಿ ಕೇತಮ್ಮ?” ಎಂದು ಮಂದಾಕಿನಿ ಕೇಳಿದಳು.

“ನೆಂಟರ ಮನೇಗ್ ಹೋಗವ್ಳೆ ಕಣವ್ವ,” ಎಂದ ಕೇತಮ್ಮ ಗುಡಿಸಲ ಬಾಗಿಲಿಗೆ ಅಡ್ಡವಾಗಿ ನಿಂತಳು. ಒಳಗಿನಿಂದ ಕೆಮ್ಮು ಕೇಳಿಸಿತು. ಪಕ್ಕದ ಹೆಂಗಸು ತಟ್ಟನೆ ಜೋರಾಗಿ ಮಾತಿಗಿಳಿದಳು.

ಮಂದಾಕಿನಿ ಒಳನುಗ್ಗಿದಳು. ಕಂಬಳಿಗಳ ರಾಶಿಯಡಿ ಹುಡುಗಿಯ ಮೈ ಕೆಂಡವಾಗಿತ್ತು.

“ಅಯ್ಯೋ, ಡಾಕ್ಟರಿಗೆ ಯಾಕೆ ತೋರಿಸಲಿಲ್ಲ?”

ಕೇತಮ್ಮ ಅವಳ ಕಾಲು ಹಿಡಿದಳು. “ಯಾರ್ಗೂ ಹೇಳ್ಬ್ಯಾಡಿ ಕಣವ್ವ. ಸೋಂಕಿಲ್ದೋರು ಅಂತ ತಾನೇ ನಮ್ಮನ್ನ ಇಲ್ಲಿ ಬುಟ್ಟಿರದು? ಸೋಂಕು ಬಂದದೆ ಅಂತ ಗೊತ್ತಾದ್ರೆ ಪೋಡ್ನೇ ಎಬ್ಬುಸ್ಬುಡ್ತಾರೆ.”

“ಅದು ಆ ಸೋಂಕಲ್ಲ! ಮುಟ್ಟುವುದು ಅಂತ ಅದರ ಅರ್ಥ. ಹಳೇ ಕಾಲದ ಮಾತು.”

“ಹಳೇದು ನಮ್ಗೇನ್ ಗೊತ್ತವ್ವ? ಸೋಂಕು ಅಂದ್ರೆ ಜ್ವರಗಿರ ಅಂತ ನರ್ಸಮ್ಮನೇ ಹೇಳಿದ್ಲು.”

ಮಂದಾಕಿನಿ ಕಂಬಳಿಗಳನ್ನು ಸರಿಸಿದಳು. ಹುಡುಗಿಯನ್ನು ಎತ್ತಿಕೊಂಡು ಜೀಪಿನತ್ತ ಓಡಿದಳು.

ಸಂಜೆ ಆಸ್ಪತ್ರೆಯಲ್ಲಿ ಬೊಮ್ಮಿಯ ಮೈ ಬೆವರಿತು. ಕಣ್ಣು ಬಿಟ್ಟು ಗಂಜಿ ಕೇಳಿದಳು. ಕೇತಮ್ಮ ಅಳುತ್ತಲೇ ಕುಡಿಸಿದಳು. ಮಂದಾಕಿನಿಗೆ ಮಾತ್ರ ನೆಮ್ಮದಿಯಿಲ್ಲ. ಉಳಿದ ಪೋಡುಗಳಲ್ಲಿ ಯಾರ್ಯಾರು ಕಂಬಳಿಯಡಿ ಮಲಗಿದ್ದಾರೋ!

ಬೆಳಗಾಗುತ್ತಲೇ ವೈದ್ಯರೊಬ್ಬರನ್ನು ಕರೆದುಕೊಂಡು ಪಕ್ಕದ ಪೋಡಿಗೆ ಹೊರಟಳು. ಜೀಪು ನಿಲ್ಲುವ ಮೊದಲೇ ಯಜಮಾನ ಜಡೆಯ ಎದುರು ಬಂದ.

“ನಮ್ಮಲ್ಲಿ ಯಾರ್ಗೂ ಏನೂ ಆಗಿಲ್ಲ ಕಣವ್ವ. ಮಕ್ಕಳೆಲ್ಲ ಗಟ್ಟಿಮುಟ್ಟಾಗವೆ. ಎಲ್ಲಿ, ನಿಮ್ಮ ಮಿಸಿನ್ನು?”

“ಮಿಶಿನ್ ತಂದಿಲ್ಲ ಜಡೆಯಪ್ಪ. ಇವರು ಡಾಕ್ಟರು. ಯಾರನ್ನೂ ಎಬ್ಬಿಸೋದಿಲ್ಲ, ನನ್ನ ಮಾತು ನಂಬಿ.”

ಜಡೆಯ ವೈದ್ಯರ ಕೈಚೀಲವನ್ನೇ ದಿಟ್ಟಿಸಿದ. ಆಮೇಲೆ ಗುಡಿಸಲುಗಳತ್ತ ತಿರುಗಿ ನೋಡಿದ.

“ಹಂಗಾದ್ರೆ ಬಿರ್ರನೆ ಬನ್ನಿ,” ಎಂದು ಅವನು ಮುಂದೆ ಓಡತೊಡಗಿದ.