ನತ್ತು ಕದ್ದ ಅಳಿಲು

ಮುತ್ತಿನ ನತ್ತು ದುಂಡವ್ವನಿಗೇ ಎಂದು ಅನ್ನವ್ವ ಹೇಳಿದ್ದು ಒಂದು ಸಲವಲ್ಲ. ಗಂಡ ಸತ್ತ ಮೇಲೆ ಕೈಗೂಸು ದುಂಡವ್ವನನ್ನು ಎತ್ತಿಕೊಂಡು ಗುರುಸಿದ್ದವ್ವ ಗಡಹಿಂಗ್ಲಜದ ಈ ಸೋದರತ್ತೆ ಅನ್ನವ್ವನ ಮನೆಗೆ ಬಂದ ದಿನವೇ ಅತ್ತೆ ಹೇಳಿದ್ದಳು. ಆಮೇಲೆ ಹದಿನೇಳು ವರ್ಷ, ರೊಟ್ಟಿ ಬಡಿಯುತ್ತ, ಅತ್ತೆಯ ಕಾಲೊತ್ತುತ್ತ, ಗುರುಸಿದ್ದವ್ವ ಆ ಮಾತನ್ನೇ ನೆಚ್ಚಿಕೊಂಡಿದ್ದಳು. ಈ ವೈಶಾಖದಲ್ಲಿ ದುಂಡವ್ವನನ್ನು ಕೋವಾಡಕ್ಕೆ ಕೊಟ್ಟರು. ಅಕ್ಷತೆ ಬೀಳುವ ಹೊತ್ತಿಗೆ ನತ್ತು ಇದ್ದದ್ದು ಅತ್ತೆಯ ಮಗಳು ಸುಶೀಲಾಬಾಯಿಯ ಮೂಗಿನಲ್ಲಿ. ಅವಳು ಇಚಲಕರಂಜಿಯಿಂದ ಉಣ್ಣಲು ಬಂದವಳು, ಅಷ್ಟೆ.

ಮದುವೆ ಗದ್ದಲ ಮುಗಿದ ಮೇಲೆ ಗುರುಸಿದ್ದವ್ವ ಕೇಳಿಯೇಬಿಟ್ಟಳು. "ಅತ್ತಿ, ನೀವು ಮಾತ ಕೊಟ್ಟಿದ್ರಿ."

"ಅಳೋ ಕೂಸಿನ ಮುಂದ ನೂರು ಮಾತ ಆಡ್ತೀವಿ," ಎಂದಳು ಅನ್ನವ್ವ, ನತ್ತನ್ನು ಮತ್ತೆ ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕುತ್ತ. "ಇದು ಮನಿ ಮಗಳಿಗೆ. ಪಂಚಮಿಗೆ ಬಂದಾಗ ಸುಶೀಲಾ ಒಯ್ತಾಳ."

ಮನಿ ಮಗಳು. ಹಾಗಾದರೆ ತಾನು ಯಾರು, ತನ್ನ ಮಗಳು ಯಾರು? ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ನಂಬಿಸಿ ಕತ್ತು ಕೊಯ್ದಿದ್ದಳು. ಗುರುಸಿದ್ದವ್ವ ಅಳಲಿಲ್ಲ, ಹಿತ್ತಲಿಗೆ ಹೋಗಿ ನಿಂತಳು. ಪೇರಲ ಗಿಡದ ಮೇಲೆ ಅಳಿಲೊಂದು ದೀಪದ ಬತ್ತಿಯನ್ನು ಕಚ್ಚಿಕೊಂಡು ಏರುತ್ತಿತ್ತು.

ಆ ಅಳಿಲು ಮನೆಮಂದಿಗೆಲ್ಲ ಗೊತ್ತಿದ್ದ ಕಳ್ಳ. ಬತ್ತಿ, ದಾರದುಂಡೆ, ಹರಿದ ಕೌದಿಯ ಚೂರು, ಸಿಕ್ಕಿದ್ದನ್ನೆಲ್ಲ ಒಯ್ದು ಕೊಂಬೆಯ ಸಂದಿನಲ್ಲೋ ಮಲ್ಲಿಗೆ ಬಳ್ಳಿಯ ಬುಡದಲ್ಲೋ ಬಚ್ಚಿಡುತ್ತಿತ್ತು. ಗುರುಸಿದ್ದವ್ವ ಅದರ ಗಂಟಿಗೆ ತನ್ನದೂ ಸ್ವಲ್ಪ ಸೇರಿಸಿದಳು. ಅತ್ತೆಯ ಕಾಲುಂಗುರವೊಂದನ್ನು ಹತ್ತಿಯಲ್ಲಿ ಸುತ್ತಿ ಬಳ್ಳಿಯ ಬುಡದಲ್ಲಿಟ್ಟು, ಅತ್ತೆಯ ಕಣ್ಣಿಗೇ ಬೀಳುವಂತೆ ಮಾಡಿದಳು.

"ನಮ್ಮ ಅಳಿಲ ಮಗಳ ಮದುವಿಗೆ ಒಡವಿ ಕೂಡಸಾಕತ್ತೈತಿ ನೋಡ," ಎಂದು ಅನ್ನವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುಂದಿನ ವಾರ ಆಕೆಯ ಮಗ ಪರಪ್ಪನ ಅಂಗಿಯ ಬೆಳ್ಳಿ ಗುಂಡಿ ಅಲ್ಲೇ ಸಿಕ್ಕಿತು. ಓಣಿಗೆಲ್ಲ ಅಳಿಲಿನ ಕೀರ್ತಿ ಹಬ್ಬಿತು.

ಸೋಮವಾರ ಅನ್ನವ್ವ ನತ್ತನ್ನು ಅಂಟವಾಳದ ನೀರಲ್ಲಿ ತೊಳೆದು, ಹತ್ತಿಯ ಮೇಲಿಟ್ಟು, ಹಿತ್ತಲ ಕಲ್ಲಿನ ಮೇಲೆ ಬಿಸಿಲಿಗಿಟ್ಟು ಪೂಜೆಗೆ ಕೂತಳು. ಅವಳು ಎದ್ದು ಬರುವಷ್ಟರಲ್ಲಿ ಕಲ್ಲಿನ ಮೇಲೆ ಹತ್ತಿಯ ಎಳೆಗಳಷ್ಟೇ ಉಳಿದಿದ್ದವು. ನತ್ತು ಅರಿವೆಯ ಗಂಟಾಗಿ ಅಡುಗೆಮನೆಯ ದೊಡ್ಡ ಭರಣಿಯ ತಳ ಸೇರಿತ್ತು. ವರ್ಷಕ್ಕಾಗುವಷ್ಟು ಕುಟ್ಟಿ ತುಂಬಿಟ್ಟ ಖಾರದ ಭರಣಿ ಅದು. ಯುಗಾದಿಯಿಂದ ವೈದ್ಯರು ಅತ್ತೆಗೆ ಖಾರ ಬಿಡಿಸಿದ್ದರು. ಗುರುಸಿದ್ದವ್ವನ ಕೈ ಬಿಟ್ಟರೆ ಬೇರೆ ಕೈ ಅದರೊಳಗೆ ಇಳಿಯುತ್ತಿರಲಿಲ್ಲ, ಭರಣಿಯ ಬಾಯಿಗೆ ಅರಿವೆ ಕಟ್ಟುವವಳೂ ಅವಳೇ. ಶುಕ್ರವಾರದ ಬಸ್ಸಿಗೆ ದುಂಡವ್ವನಿಗೆ ಒಂದು ಡಬ್ಬಿ ಖಾರ ಹೋಗಬೇಕಿತ್ತು. ಹೊಸ ಮದುವಣಗಿತ್ತಿಗೆ ತವರಿನ ಖಾರ ಹೋದರೆ ಯಾರಿಗೆ ಏನು ಸಂಶಯ?

ಪರಪ್ಪ ಸುಮ್ಮನಿರುವವನಲ್ಲ, ಪೊಲೀಸ್ ಫೌಜದಾರನನ್ನು ಕರೆತರುತ್ತಾನೆ ಎಂಬುದನ್ನೂ ಅವಳು ಲೆಕ್ಕ ಹಾಕಿದ್ದಳು. ಮಹಾರಾಷ್ಟ್ರ ರಾಜ್ಯವಾಗಿ ವರ್ಷವಾಗಿತ್ತು, ಸಾತಾರೆಯಿಂದ ಹೊಸದಾಗಿ ಬಂದ ಫೌಜದಾರನಿಗೆ ಕನ್ನಡದ ಗಂಧವಿರಲಿಲ್ಲ. ಅತ್ತೆಗೆ ಮರಾಠಿಯ ಗಂಧವಿರಲಿಲ್ಲ. ಐವತ್ತು ವರ್ಷ ಈ ಊರಲ್ಲಿದ್ದೂ ಅವಳು ಒಲೆಯ ಮುಂದಿನ ಕನ್ನಡ ಬಿಟ್ಟು ಆಚೆ ಹೋಗಿರಲಿಲ್ಲ. ಗುರುಸಿದ್ದವ್ವನೋ ಕೊಲ್ಲಾಪುರದಲ್ಲಿ ಹುಟ್ಟಿ ಬೆಳೆದವಳು, ಮರಾಠಿಯೆಂದರೆ ಅರಳು ಹುರಿದಂತೆ. ಎಲ್ಲವನ್ನೂ ಮರಾಠಿಯಲ್ಲೇ ಹೇಳಿ ಮುಗಿಸಬೇಕು, ಸೋಮವಾರ ಹಿತ್ತಲಲ್ಲಿ ಯಾರಿದ್ದರು ಎಂದು ಅತ್ತೆ ನಡುವೆ ಬಾಯಿ ಹಾಕಬಾರದು ಎಂದು ಗಟ್ಟಿ ಮಾಡಿಕೊಂಡಳು.

ಗುರುವಾರ ಬೆಳಿಗ್ಗೆ ಫೌಜದಾರ ಬಂದು ಪಡಸಾಲೆಯಲ್ಲಿ ಕೂತ. ಅನ್ನವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. "ನಥೀಚಾ ಚೋರ ಕೋಣ?" ನತ್ತಿನ ಕಳ್ಳ ಯಾರು ಎಂದು ಅವನು ಮರಾಠಿಯಲ್ಲಿ ಕೇಳಿದ.

ಗುರುಸಿದ್ದವ್ವ ಸೆರಗು ಸರಿಮಾಡಿಕೊಂಡು, ತಗ್ಗಿದ ದನಿಯಲ್ಲಿ, ಚೊಕ್ಕ ಮರಾಠಿಯಲ್ಲಿ ಒಂದೇ ಮಾತು ಹೇಳಿದಳು: "ಖಾರ." ಮರಾಠಿಯಲ್ಲಿ ಅಳಿಲಿಗೆ ಖಾರ ಎನ್ನುತ್ತಾರೆ. ಫೌಜದಾರ ನಕ್ಕು ತಲೆಯಾಡಿಸಿದ, ಪರಪ್ಪನೂ ತಲೆಯಾಡಿಸಿದ. ಆದರೆ ಐವತ್ತು ವರ್ಷದಲ್ಲಿ ಅದನ್ನು ಅನ್ನವ್ವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ನತ್ತ ಖಾರದಾಗ ಐತೇನ? ಇಷ್ಟ ದಿನ ಅಳಿಲ ಅಳಿಲ ಅಂತಿದ್ದಿ, ಈಗ ನೆನಪಾತೇನ ನಿನಗ?" ಎನ್ನುತ್ತ ಮುದುಕಿ ಒಳಗೆ ನಡೆದೇಬಿಟ್ಟಳು. ಕೆಮ್ಮುತ್ತ ಹೊರಗೆ ಬಂದ ಅನ್ನವ್ವನ ಬಲಗೈ ಮೊಣಕೈವರೆಗೆ ಕೆಂಪಾಗಿತ್ತು, ಮುಷ್ಟಿಯಲ್ಲಿ ಗಂಟಿತ್ತು. ಕಳೆದ ಮಗು ಸಿಕ್ಕವಳ ಹಾಗೆ ನಗುತ್ತಲೇ ಗಂಟು ಬಿಚ್ಚಿದಳು. ಆಮೇಲೆ ಎಡಗೈಯಲ್ಲಿ ಉಳಿದಿದ್ದ ಭರಣಿಯ ಅರಿವೆಯನ್ನೂ ದಾರವನ್ನೂ ನೋಡಿದಳು, ಗುರುಸಿದ್ದವ್ವನ ಮುಖ ನೋಡಿದಳು, ನಗು ಹೋಯಿತು. "ಅಳಿಲ ಭರಣಿ ಬಾಯಿ ಕಟ್ಟತೈತೇನ, ಗುರುಸಿದ್ದಿ?" ಎಂದು ಮೆಲ್ಲಗೆ ಕೇಳಿದಳು.