ಚಿಮಣಿ ತುದಿಯ ಹಾಸಿಗೆ

ಅರ್ಧ ನೆಲ ಒರೆಸಿಯಾಗಿತ್ತು. ರಾತ್ರಿಯಿಡೀ ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕ ಕೂತು ಬಂದವಳಿಗೆ ಮನೆಯಲ್ಲಿ ಸುಮ್ಮನೆ ಕೂರಲು ಆಗಲಿಲ್ಲ. ಮಂಡಿಯೂರಿ, ಒದ್ದೆ ಬಟ್ಟೆಯನ್ನು ಎರಡೂ ಕೈಯಿಂದ ಒತ್ತಿ, ಹಿಂದಕ್ಕೆ ಸರಿಯುತ್ತ ಒರೆಸುತ್ತಿದ್ದೆ. ಅಡಿಯಲ್ಲಿ ಬಿಸಿನೀರಿನ ಕೊಳವೆ ಹಾಯ್ದ ಬೆಚ್ಚಗಿನ ನೆಲ ಮಂಡಿಗೆ ಹಿತವಾಗಿತ್ತು. ಇಂಥದೇ ಒಂದು ಬೆಚ್ಚಗಿನ ನೆಲ ನಮ್ಮಮ್ಮನ ಉಸಿರು ಕಟ್ಟಿಸಿತಲ್ಲ ಎಂದು ನೆನಪಾದಾಗ ಕೈ ನಿಂತಿತು. ಆಗಲೇ ಬಾಗಿಲು ಬಡಿದ ಸದ್ದಾಯಿತು.

ಅತ್ತಿಗೆ ರಾನ್‌ಹಿ ನಿಂತಿದ್ದಳು. ಹೆಗಲ ಮೇಲೆ ಹಿಮ, ಎರಡೂ ಅಂಗೈಗೆ ಬ್ಯಾಂಡೇಜು.

“ನಿನ್ನ ನೋಡೋಕೆ ಬಂದಿಲ್ಲ, ಯಂಗ್‌ಸಿಲ್,” ಎಂದಳು, ನನ್ನ ಮುಖ ನೋಡದೆ. “ಮಹಡಿ ಮೇಲಿನ ಅಕ್ಕಾವ್ರು ಇದಾರಾ?”

ನಮ್ಮ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದವಳು ಓಕ್‌ಬುನ್ ಅಕ್ಕ. ವಿಮಾ ಕಂಪನಿಯೊಂದರಲ್ಲಿ ಬೆಂಕಿ ಅನಾಹುತಗಳ ತನಿಖೆ ಮಾಡಿ ನಿವೃತ್ತಳಾದವಳು. ವೊಂಜು ಪೇಟೆಯ ನಮ್ಮ ಬೀದಿಯಲ್ಲಿ ನಾಯಿ ಕಳೆದುಹೋದರೂ, ಉಂಗುರ ಕಾಣೆಯಾದರೂ ಜನ ಬರುತ್ತಿದ್ದುದು ಅವಳ ಹತ್ತಿರವೇ. ಗಂಡ ತೀರಿಕೊಂಡ ಮೇಲೆ ನಾನೂ ಅವಳ ಜೊತೆ ಓಡಾಡತೊಡಗಿದ್ದೆ. ಅವಳು ಯೋಚಿಸುತ್ತಿದ್ದಳು, ನಾನು ಅವಳ ಚೀಲ ಹಿಡಿದುಕೊಳ್ಳುತ್ತಿದ್ದೆ. ಆದರೆ ಪ್ರಕರಣ ನಮ್ಮ ಮನೆಯದೇ ಆಗಿದ್ದು ಅದೇ ಮೊದಲು.

ಅಕ್ಕ ಇಳಿದು ಬಂದು ಒರೆಸದ ಕಡೆ ಕೂತಳು. ಅತ್ತಿಗೆ ಕೋಟು ಕೂಡ ಬಿಚ್ಚದೆ ಹೇಳಿದಳು: “ಅತ್ತೆ ಕೋಣೆಯ ನೆಲ ಯಾರೋ ಸೀಳಿದಾರೆ. ಆ ಸೀಳಿಂದ ಹೊಗೆ ಒಳಗೆ ಬಂದಿದೆ. ಒಲೆಗೆ ಸೌದೆ ಹಾಕಿದ್ದು ನಾನು. ಬೆಳಿಗ್ಗೆ ಅವರಿಗೆ ಪ್ರಜ್ಞೆ ಇಲ್ಲ ಅಂತ ಮೊದಲು ನೋಡಿದ್ದೂ ನಾನು. ನಾಳೆ ಪೊಲೀಸ್‌ನವರು ಠಾಣೆಗೆ ಬಾ ಅಂದಿದಾರೆ.”

“ನೀನೇ ಮಾಡಿದ್ಯಾ?”

“ಇಲ್ಲ.”

“ಮಾಡ್ಬೇಕು ಅನ್ನಿಸಿತ್ತಾ?”

ಅತ್ತಿಗೆ ಬ್ಯಾಂಡೇಜಿನ ಅಂಚು ಕೀಳುತ್ತ ಕೂತಳು. “ನೆಲ ಒಡೆದು ಹಾಕ್ಬೇಕು ಅನ್ನಿಸಿತ್ತು. ಅವರನ್ನಲ್ಲ.”

ನಾನು ಬಟ್ಟೆ ಹಿಂಡಲು ಬಚ್ಚಲಿಗೆ ಹೋದೆ. ಅವಳನ್ನು ನಂಬಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಮಗಳಾಗಿ ಕೇಳಿದರೆ ಅವಳೇ ಅಪರಾಧಿ ಅನ್ನಿಸುತ್ತಿತ್ತು. ಒಬ್ಬ ಹೆಂಗಸಾಗಿ ಕೇಳಿದರೆ, ಆ ನೆಲವನ್ನು ಒಡೆಯದೆ ಇಷ್ಟು ವರ್ಷ ಹೇಗಿದ್ದಳೋ ಅನ್ನಿಸುತ್ತಿತ್ತು.

ಏಕೆಂದರೆ ಆ ಶರತ್ಕಾಲವಿಡೀ ನಮ್ಮ ತವರಿನಲ್ಲಿ ನಡೆದದ್ದು ನೆಲದ್ದೇ ಜಗಳ. ಪ್ಯಾಂಗ್‌ಚಾಂಗ್ ಬೆಟ್ಟದ ಮಗ್ಗುಲಿನ ಹಳೆಯ ಮನೆಯನ್ನು ಅಣ್ಣ ಗಿಟೇ ದುರಸ್ತಿ ಮಾಡಿಸಲು ಹೊರಟಿದ್ದ. ಅಮ್ಮನ ಕೋಣೆಯದು ಹಳೇ ಕಾಲದ ನೆಲ. ಅಡುಗೆಮನೆಯ ಒಲೆಗೆ ಬೆಂಕಿ ಹಾಕಿದರೆ ಹೊಗೆಯೂ ಬಿಸಿಯೂ ಕೋಣೆಯ ಕಲ್ಲುಚಪ್ಪಡಿಗಳ ಕೆಳಗೆ ಹರಿದು, ಆಚೆ ತುದಿಯ ಚಿಮಣಿಯಿಂದ ಹೊರಹೋಗುತ್ತಿತ್ತು. ಅದನ್ನೇ ಉಳಿಸಬೇಕು ಎಂದು ಅಮ್ಮ. ಹೊತ್ತಾರೆ ಸಂಜೆ ಹಿಮದಲ್ಲಿ ಸೌದೆ ಹೊರುತ್ತಿದ್ದ ಅತ್ತಿಗೆಗೆ, ಮಿಕ್ಕ ಮನೆಗಳಲ್ಲಿರುವಂತೆ ನೆಲದಡಿ ಬಿಸಿನೀರಿನ ಕೊಳವೆ ಹಾಕಿಸಿ ಬಾಯ್ಲರ್ ಇಟ್ಟರೆ ಸಾಕಿತ್ತು. ನನ್ನ ತಮ್ಮ ಜಾಂಗುವಿನ ಅಂಗಡಿಯಲ್ಲಿ ನೆಲಕ್ಕೆ ಹಾಸುವ ಕರೆಂಟಿನ ಹಾಳೆಗಳಿದ್ದವು. ಅವನು ಅದನ್ನೇ ಹೊಗಳುತ್ತಿದ್ದ. ಅಣ್ಣ ಮಾತ್ರ ಎಲ್ಲರಿಗೂ ಹೂಂ ಎನ್ನುತ್ತಿದ್ದ.

ಜಾಂಗುವನ್ನು ಕರೆಸಿ, ಅವನ ವ್ಯಾನಿನಲ್ಲೇ ನಾವು ಮೂವರು ಹೆಂಗಸರೂ ತವರಿಗೆ ಹೊರಟೆವು. ದಾರಿಯಲ್ಲಿ ಆಸ್ಪತ್ರೆಗೆ ಇಳಿದೆವು. ಅಮ್ಮನಿಗೆ ಇನ್ನೂ ಮಂಪರು. ಪಕ್ಕದಲ್ಲಿದ್ದ ಚಿಕ್ಕಮ್ಮ ಅತ್ತಿಗೆಯನ್ನು ನೋಡಿ ಬೇಕೆಂದೇ ಗಟ್ಟಿಯಾಗಿ ಹೇಳಿದಳು: “ಕಣ್ಣು ಬಿಟ್ಟಾಗೆಲ್ಲ ಒಂದೇ ಮಾತು. ‘ಹೊದಿಕೆ ತೆಗೀಬೇಡ ರಾನ್‌ಹಿ, ಹೊದಿಕೆ ತೆಗೀಬೇಡ’ ಅಂತಾಳೆ. ಮುದುಕಿಯ ಹೊದಿಕೆ ಕಿತ್ಕೊಂಡೋರು ಇನ್ನೇನು ತಾನೇ ಮಾಡಲ್ಲ.”

ಅತ್ತಿಗೆ ಅಮ್ಮನ ಜಾರಿದ ಹೊದಿಕೆಯನ್ನು ಮೇಲೆಳೆದು ಹೊರಗೆ ನಡೆದಳು.

ಅಣ್ಣ ಹೊರಗೆ ಯಂತ್ರದ ಕಾಫಿಯ ಲೋಟ ಹಿಡಿದು ನಿಂತಿದ್ದ. ಮೂಗು ಕೆಂಪಗೆ ಊದಿತ್ತು. “ಇದೇನು ಕಾಫಿನೋ ಬಿಸಿನೀರೋ, ಈ ವಾರವಿಡೀ ಎಲ್ಲಾ ಒಂದೇ,” ಎಂದು ಅರ್ಧಕ್ಕೇ ಚೆಲ್ಲಿದ. ಅತ್ತೂ ಅತ್ತೂ ಹೀಗಾಗಿದ್ದಾನೆ ಎಂದು ನನಗೆ ಕನಿಕರವಾಯಿತು. ಅವನೂ ವ್ಯಾನು ಹತ್ತಿದ. ಮುಂದಿನ ಸೀಟಿನಲ್ಲಿ, ಹೆಂಡತಿಯಿಂದ ದೂರ.

ಓಕ್‌ಬುನ್ ಅಕ್ಕ ಜಾಂಗುವನ್ನು ಕೆಣಕಿದಳು. “ಏನಪ್ಪಾ ಅಂಗಡಿ ಸಾಹುಕಾರ, ಹಳೇ ನೆಲ ಹೋದ್ರೆ ನಿನಗೇ ಲಾಭ ಅಲ್ವಾ?”

“ನಮ್ಮಮ್ಮ ಹೋದ್ರೆ ಲಾಭ ಯಾವ ಅಂಗಡಿಗೆ ಅಕ್ಕಾವ್ರೇ?” ಎಂದ ಅವನು, ರಸ್ತೆಯಿಂದ ಕಣ್ಣು ತೆಗೆಯದೆ. “ಹೊಗೆ ತುಂಬಿದ ಆ ದಿನ ಬೆಳಿಗ್ಗೆಯಿಂದ ನಾನು ಯಂಗ್‌ಸಿಲ್ ಅಕ್ಕನ ಮನೇಲಿ ಪಂಪು ರಿಪೇರಿ ಮಾಡ್ತಿದ್ದೆ. ಊಟ ಮಾಡ್ಕೊಂಡೇ ರಾತ್ರಿ ಎದ್ದಿದ್ದು. ಕೇಳಿ ಬೇಕಾದ್ರೆ.”

ಅದು ನಿಜ. ಆ ದಿನ ಅವನು ನನ್ನ ಕಣ್ಣೆದುರಿಗೇ ಇದ್ದ. ನನಗೆ ಹಗುರವಾಯಿತು. ಜೊತೆಗೇ ಭಾರವೂ ಆಯಿತು, ಏಕೆಂದರೆ ಉಳಿದವಳು ಅತ್ತಿಗೆ.

ಅಮ್ಮನ ಕೋಣೆಯ ಬಾಗಿಲಿನ ಮರದ ಜಾಲರಿ ಮುರಿದು ತೂಗುತ್ತಿತ್ತು. ಅದನ್ನು ಒಡೆದು ಒಳಗೆ ಹೋಗಿ, ಅಮ್ಮನನ್ನು ಅಂಗಳಕ್ಕೆ ಎಳೆದು ತಂದವಳು ಅತ್ತಿಗೆ. ಪೊಲೀಸಿನವನು ಬಂದು ನೋಡಿ, ಏನೂ ಕದಲಿಸಬೇಡಿ ಎಂದು ಹೋಗಿದ್ದನಂತೆ. ಜಾಂಗು ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡ. “ಅಯ್ಯೋ, ಯಾರ ಕಾಲುಚೀಲ ಕೊಳೀತಿದೆ ಇಲ್ಲಿ?” ನಾನೂ ಶಾಲನ್ನು ಮೂಗಿಗೆ ಒತ್ತಿದೆ. ಅಣ್ಣ ಮಾತ್ರ ಸೀದಾ ಒಳಗೆ ಹೋಗಿ ನಡುಮಧ್ಯೆ ನಿಂತ. ದುಃಖಕ್ಕೆ ಯಾವ ವಾಸನೆಯೂ ತಾಕುವುದಿಲ್ಲವೇನೋ ಎಂದುಕೊಂಡೆ.

ಒಲೆಯ ಕಡೆಯ ತುದಿಯಲ್ಲಿ ದಪ್ಪ ಹೊದಿಕೆಯೊಂದು ಗುಡ್ಡೆಯಾಗಿ ಬಿದ್ದಿತ್ತು. ಚಿಮಣಿಯ ಕಡೆ, ತಣ್ಣಗಿನ ತುದಿಯಲ್ಲಿ, ಅಮ್ಮನ ತೆಳುಹಾಸಿಗೆ, ದಿಂಬು. ದಿಂಬಿನ ಪಕ್ಕದಲ್ಲೇ ಎಣ್ಣೆಕಾಗದದ ನೆಲಹಾಸು ಅಂಗೈಯಗಲ ಹರಿದಿತ್ತು. ಅಕ್ಕ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದಳು. ಹರಿದ ಅಂಚು ಕರ್ರಗೆ, ಹಳತಾದಂತಿತ್ತು. ಅದರ ಕೆಳಗೆ ಚಪ್ಪಡಿಗಳ ಸಂದಿನ ಗಾರೆಯನ್ನು ಯಾರೋ ಕೆತ್ತಿದ್ದರು. ಕೆತ್ತಿದ ಮಣ್ಣು ಹೊಸ ಹಳದಿ.

“ಗಿಟೇ, ನಿಮ್ಮಮ್ಮ ಯಾವ ಕಡೆ ಮಲಗ್ತಾರೆ?”

“ಒಲೆ ತುದೀಲಿ. ಮನೆಗೆ ಹಿರಿಯರು ಬೆಚ್ಚಗಿನ ಜಾಗ ಬಿಟ್ಟು ಇನ್ನೆಲ್ಲಿ ಮಲಗ್ತಾರೆ? ಅವತ್ತು ಯಾಕೆ ಈ ಕಡೆ ಮಲಗಿದ್ಲೋ ಗೊತ್ತಿಲ್ಲ.”

“ಮತ್ತೆ ಅಲ್ಲಿರೋ ಆ ಹೊದಿಕೆ?”

“ಅದೂ ಅಮ್ಮನದೇ. ಚಳಿಗಾಲದಲ್ಲಿ ಹಗಲೂ ಅಲ್ಲೇ ಹಾಸಿರತ್ತೆ, ನೆಲದ ಬಿಸಿ ಆರದಿರಲಿ ಅಂತ.”

ಅತ್ತಿಗೆ ಗಂಡನ ಕಡೆ ತಿರುಗಿದಳು. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ.

“ಎಲ್ಲಾ ಕೂತ್ಕೊಳ್ಳಿ,” ಎಂದಳು ಅಕ್ಕ. ಆರಿದ ನೆಲ ಕಲ್ಲಿನಂತೆ ಕೊರೆಯುತ್ತಿತ್ತು. ಕೂತೆವು.

“ಮೊದಲನೇದು, ಈ ಸೀಳು ಅವತ್ತೇ ಮಾಡಿದ್ದು. ಹಿಂದಿನ ದಿನ ಇದ್ದಿದ್ರೆ ಹಿಂದಿನ ರಾತ್ರಿನೇ ಹೊಗೆ ಬರ್ತಿತ್ತು. ಅವತ್ತು ಹಗಲು ಅಮ್ಮ ಎಲ್ಲಿದ್ರು, ರಾನ್‌ಹಿ?”

“ಊರಿನ ಮುದುಕರು ಸೇರೋ ಮನೆಗೆ ಹೋಗಿದ್ರು, ಇಸ್ಪೀಟಾಡೋಕೆ. ನಾನು ಸೌದೆ ತರೋಕೆ ಹೋಗಿದ್ದೆ.”

“ಅಂದ್ರೆ ಮನೆ ಖಾಲಿ. ಎರಡನೇದು, ಅಂಚಿಗೆ ಮಸಿ ಸವರಿದಾರೆ. ಹಳೇ ನೆಲ ತಾನಾಗೇ ಹಾಳಾಗಿದೆ ಅಂತ ಕಾಣ್ಲಿ ಅಂತ. ಕೊಲ್ಲೋಕೆ ಬಂದೋನು ತೂತನ್ನ ಮುಚ್ಚಿಡ್ತಾನೆ. ಇದನ್ನ ತೋರಿಸೋಕೆ ಮಾಡಿದಾರೆ. ಯಾರಿಗೆ? ಒಲೆ ತುದೀಲಿ ಮಲಗಿದ್ದ ಮುದುಕಿ ಕೆಮ್ಮಿ ಎದ್ದು, ಆಚೆ ಕಡೆ ನೋಡಿ, ‘ಅಯ್ಯೋ ನನ್ನ ನೆಲ ಹೋಯ್ತು’ ಅನ್ಲಿ ಅಂತ. ಅಷ್ಟೇ ಉದ್ದೇಶ. ಆದ್ರೆ ಮುದುಕಿ ಒಲೆ ತುದೀಲಿ ಇರ್ಲಿಲ್ಲ. ರಾತ್ರಿ ಮಬ್ಬಲ್ಲಿ ಸೀಳು ಕಾಣದೆ ಅದರ ಪಕ್ಕಕ್ಕೇ ತಲೆ ಹಾಕಿ ಮಲಗಿದ್ಲು. ಯಾಕೆ ರಾನ್‌ಹಿ?”

“ಒಲೆ ತುದೀಲಿ ಕಾಳು ಇತ್ತಲ್ಲ,” ಎಂದಳು ಅತ್ತಿಗೆ, ಇದನ್ನೂ ಕೇಳಬೇಕೆ ಎಂಬಂತೆ. “ಸೋಯಾ ಕಾಳು ಬೇಯಿಸಿ, ಬಟ್ಟಲಿಗೆ ಹಾಕಿ, ಹುದುಗು ಬರ್ಲಿ ಅಂತ ಹೊದಿಕೆ ಸುತ್ತಿ ಇಟ್ಟಿದೀವಿ. ಈ ನಾತ ಅದರದ್ದೇ. ಹುದುಗು ಕಾಳಿಟ್ಟಾಗ ಅತ್ತೆ ಯಾವಾಗ್ಲೂ ಆ ಜಾಗ ಬಿಟ್ಕೊಟ್ಟು ಈ ಕಡೆ ಮಲಗ್ತಾರೆ. ಅವತ್ತು ಇನ್ನೆರಡು ಸೌದೆ ಹಾಕು ಅಂದಿದ್ದೂ ಅದಕ್ಕೇ. ಯಂಗ್‌ಸಿಲ್‌ಗೆ ಆ ಕಾಳಿನ ಸಾರು ಇಷ್ಟ ಅಂತ ಮಾಡಿಸಿದ್ರು.”

ಅಮ್ಮನ ಮಂಪರಿನ ಮಾತಿನಲ್ಲಿದ್ದ ಹೊದಿಕೆ ಯಾವುದು ಎಂದು ಆಗ ಹೊಳೆಯಿತು. ಅವಳು ಸೊಸೆಯನ್ನು ದೂರುತ್ತಿರಲಿಲ್ಲ. ಕಾಳು ಕೆಡದಂತೆ ನೋಡಿಕೋ ಎಂದು ಅವಳಿಗೆ ಒಪ್ಪಿಸುತ್ತಿದ್ದಳು.

ಅಕ್ಕ ಮುಂದುವರಿಸಿದಳು. “ಈ ನೆಲ ಹೋದ್ರೆ ಅನುಕೂಲ ಆಗ್ತಿದ್ದೋರು ಮೂರು ಜನ. ಜಾಂಗು ಅವತ್ತು ಇಲ್ಲಿರ್ಲಿಲ್ಲ. ರಾನ್‌ಹಿಗೆ ಅತ್ತೆ ಎಲ್ಲಿ ಮಲಗ್ತಾಳೆ ಅಂತ ಗೊತ್ತಿತ್ತು. ಹೆದರಿಸೋದಷ್ಟೇ ಬೇಕಾಗಿದ್ರೆ ಇಲ್ಲಿ ಸೀಳ್ತಿರ್ಲಿಲ್ಲ. ಕೊಲ್ಲೋದೇ ಬೇಕಾಗಿದ್ರೆ ಬೆಳಕು ಹರಿಯೋ ಮುಂಚೆ ಅಂಗೈ ಸಿಗಿದ್ಕೊಂಡು ಬಾಗಿಲು ಒಡೀತಿರ್ಲಿಲ್ಲ. ಈ ಕೋಣೆಗೆ ಕಾಲಿಟ್ಟ ಯಾರಿಗೇ ಆದ್ರೂ ಕಾಳಿನ ವಾಸನೆ ಮುಖಕ್ಕೆ ಹೊಡೆಯತ್ತೆ. ಈ ಮನೇಲಿ ಇರೋರಿಗೆ ಆ ವಾಸನೆ ಸಾಕು, ಹಾಸಿಗೆ ಎಲ್ಲಿದೆ ಅಂತ ಗೊತ್ತಾಗೋಕೆ. ಅವತ್ತು ಇಲ್ಲಿಗೆ ಬಂದೋನಿಗೆ ವಾಸನೆ ಗೊತ್ತಾಗ್ಲಿಲ್ಲ. ಆ ಗುಡ್ಡೆ ನೋಡಿ ಅಮ್ಮನ ಹೊದಿಕೆ ಅಂದ್ಕೊಂಡ. ಇವತ್ತೂ ಹಾಗೇ ಅಂದ್ಕೊಂಡಿದಾನೆ.” ಅಣ್ಣನ ಕಡೆ ತಿರುಗಿ ಮೆತ್ತಗೆ ಕೇಳಿದಳು, “ನೆಗಡಿ ಇನ್ನೂ ಬಿಟ್ಟಿಲ್ಲ ಅಲ್ವಾ ಗಿಟೇ?”

ಅಣ್ಣ ಎರಡೂ ಕೈಯನ್ನು ತಣ್ಣಗಿನ ನೆಲಕ್ಕೆ ಊರಿದ.

“ಅಮ್ಮಂಗೆ ಬೇಡ ಅಂತ ಹೇಳೋಕೆ ನನ್ನ ಕೈಲಿ ಆಗ್ಲಿಲ್ಲ,” ಎಂದ. “ನೆಲವೇ ಹೇಳ್ಲಿ ಅಂದ್ಕೊಂಡೆ. ಚಿಮಣಿ ತುದೀಲಿ ಯಾರೂ ಮಲಗಲ್ಲ, ಸ್ವಲ್ಪ ಹೊಗೆ ಬರತ್ತೆ, ಅಷ್ಟೇ ಅಂದ್ಕೊಂಡೆ.”

ಜಾಂಗು ಎದ್ದು ಗೋಡೆ ಕಡೆ ತಿರುಗಿ ನಿಂತ. ಅತ್ತಿಗೆ ಅಳಲಿಲ್ಲ, ಬೈಯಲಿಲ್ಲ.

“ಪೊಲೀಸ್‌ನವನು ನನ್ನ ಹೆಸರು ಕೇಳ್ವಾಗ ನೀವು ನನ್ನ ಪಕ್ಕದಲ್ಲೇ ನಿಂತಿದ್ರಿ,” ಎಂದಳು. ಅಷ್ಟೇ.

“ನಾಳೆ ಠಾಣೆಗೆ ನಾನೇ ಹೋಗ್ತೀನಿ,” ಎಂದ ಅಣ್ಣ. “ಎಲ್ಲಾ ಒಪ್ಕೋತೀನಿ. ಆದ್ರೆ ಅಮ್ಮಂಗೆ ಗೊತ್ತಾಗೋದು ಬೇಡ. ನೆಲ ಹಳೇದಾಗಿ ಬಿರುಕು ಬಿಡ್ತು ಅಂತ ಹೇಳೋಣ. ನಾನು ಮಾಡಿದ್ದು ಅಂದ್ರೆ ಅವಳು ಬದುಕಲ್ಲ.”

“ಚಿಕ್ಕಮ್ಮ ಆಗ್ಲೇ ಅಮ್ಮನ ಕಿವಿ ತುಂಬ್ತಿದಾಳೆ ಅಣ್ಣ. ನೆಲ ಹಳೇದು ಅಂದ್ರೆ ಅಮ್ಮ ನಂಬ್ತಾಳಾ?” ಎಂದ ಜಾಂಗು.

“ನಂಬದಿದ್ರೆ ಬಿಡ್ಲಿ,” ಎಂದಳು ಅತ್ತಿಗೆ, ಏಳುತ್ತ. “ಅವರು ನನ್ನನ್ನ ಅನುಮಾನದಿಂದ ನೋಡೋದು ಇವತ್ತು ಹೊಸದಲ್ಲ. ಹಾಗೇ ಹೇಳಿ. ನಂಗೆ ಸಾಕಾಗಿದೆ.” ಬ್ಯಾಂಡೇಜು ಕಟ್ಟಿದ ಕೈಯಿಂದ ಮುರಿದ ಬಾಗಿಲನ್ನು ಸರಿಸಿ ಹೊರಗೆ ಹೋದಳು.

ಅಣ್ಣ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ಜಾಂಗು ಒಪ್ಪಿ ತಲೆಯಾಡಿಸಿದ. ನಾನೂ ಆಡಿಸಿದೆ.

ಮರಳುವಾಗ ವ್ಯಾನಿನಲ್ಲಿ ಅಕ್ಕನ ಪಕ್ಕ ಕೂತು ಹೊರಗಿನ ಹಿಮ ನೋಡುತ್ತಿದ್ದೆ. ಯಾರು ಮಾಡಿದ್ದು ಎಂದು ಗೊತ್ತಾದರೆ ಮನಸ್ಸು ತಿಳಿಯಾಗುತ್ತದೆ ಎಂದುಕೊಂಡಿದ್ದೆ. ಬರುವಾಗ ಇದ್ದುದಕ್ಕಿಂತ ಹೆಚ್ಚು ಕಲಕಿತ್ತು. ಅಣ್ಣ ಕೆಟ್ಟವನಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಬೆನ್ನ ಮೇಲೆ ಹೊತ್ತು ಹಿಮ ದಾಟಿಸಿದವನು. ಬೇಡ ಎನ್ನುವ ಒಂದು ಮಾತು ಅವನ ಬಾಯಿಂದ ಬಾರದೆ ಹೋದದ್ದಕ್ಕೆ ಇಬ್ಬರು ಹೆಂಗಸರು ಬೆಲೆ ತೆತ್ತಿದ್ದರು. ಈಗ ನಮ್ಮ ಬಾಯನ್ನೂ ಮುಚ್ಚಿಸಿ, ಮಿಕ್ಕ ಬೆಲೆಯನ್ನು ಅತ್ತಿಗೆಯೊಬ್ಬಳಿಂದಲೇ ತೆರಿಸಲು ಹೊರಟಿದ್ದ. ಸತ್ಯ ಕೇಳಿದರೆ ಅಮ್ಮ ಕುಸಿಯಬಹುದು. ಕೇಳದಿದ್ದರೆ, ಬದುಕಿರುವಷ್ಟು ದಿನವೂ ಸೊಸೆ ಬಡಿಸಿದ ತಟ್ಟೆಯನ್ನು ಅನುಮಾನದಿಂದ ನೋಡುತ್ತಾಳೆ.

“ಏನು ಯೋಚಿಸ್ತಿದೀಯಾ?” ಎಂದು ಅಕ್ಕ ಕೇಳಿದಳು.

“ಏನಿಲ್ಲ,” ಎಂದೆ.

ಆಸ್ಪತ್ರೆಯಲ್ಲಿ ಅಮ್ಮ ಕಣ್ಣು ಬಿಟ್ಟಿದ್ದಳು. ಮಂಪರು ಇಳಿಯುತ್ತಿದೆ, ಬೆಳಗಾಗುವಷ್ಟರಲ್ಲಿ ಚೆನ್ನಾಗಿ ಮಾತಾಡುತ್ತಾರೆ ಎಂದು ನರ್ಸ್ ಹೇಳಿದಳು. ಅಮ್ಮ ನನ್ನ ಬೆರಳು ಹಿಡಿದು ಬಾಗಿಲ ಕಡೆ ನೋಡಿದಳು, ಇನ್ನೂ ಯಾರೋ ಬರಬೇಕಿತ್ತು ಎಂಬಂತೆ. ಅವಳ ಕೈಯನ್ನು ಹೊದಿಕೆಯೊಳಗೆ ಸೇರಿಸಿದೆ. ಅಮ್ಮ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ ಎಂದು ಆಗ ನಿಶ್ಚಯಿಸಿದೆ.

“ನೀವು ಮನೆಗೆ ಹೋಗಿ ಮಲಗಿ ಚಿಕ್ಕಮ್ಮ,” ಎಂದೆ. “ನಾಳೆ ಬೆಳಿಗ್ಗೆ ನಾನೊಬ್ಬಳೇ ಇರ್ತೀನಿ.”